ಏಳು ಮಳೆಗಾಲಗಳ ಹೆಕ್-ಎಚ್‌ಎಂಎಸ್: ಒಣಗದ ನೆಲದ ಲೆಕ್ಕ

ಏಳು ಮಳೆಗಾಲಗಳಿಂದ ನಾನು, ಬಿದ್ದ ಮಳೆಯಲ್ಲಿ ಎಷ್ಟು ನೀರು ಯಾವಾಗ ಹೊಳೆಗೆ ಹರಿದೀತು ಎಂದು ಲೆಕ್ಕ ಹಾಕುವ ಹೆಕ್-ಎಚ್‌ಎಂಎಸ್ ತಂತ್ರಾಂಶವನ್ನು ಒಂದೇ ಜಲಾನಯನ ಪ್ರದೇಶಕ್ಕೆ ಬಳಸುತ್ತಿದ್ದೇನೆ. 212 ಚದರ ಕಿಲೋಮೀಟರ್ ವಿಸ್ತಾರ, ಒಂಬತ್ತು ಉಪಜಲಾನಯನಗಳು, ನಾಲ್ಕು ಮಳೆಮಾಪಕಗಳು, ಹೊಳೆಯ ಹರಿವನ್ನು ಅಳೆಯುವ ಒಂದು ಕೇಂದ್ರ, ಇಷ್ಟೇ ನನ್ನ ಪ್ರಪಂಚ. ಈ ತಂತ್ರಾಂಶದಲ್ಲಿ ಯಾವ ಯಾವ ವಿಧಾನಗಳಿವೆ, ಯಾವ ಕಂಪ್ಯೂಟರಿನಲ್ಲಿ ನಡೆಯುತ್ತದೆ ಎಂಬ ವಿವರಗಳನ್ನು ಬಳಸಬೇಕೆಂದಿರುವವರು ಆಗಲೇ ನೋಡಿರುತ್ತಾರೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಬರೆಯಲು ಕುಳಿತದ್ದು ಒಂದೇ ಒಂದು ಸಂಗತಿಗಾಗಿ. ಎರಡೂವರೆ ಮಳೆಗಾಲಗಳ ಕಾಲ ನನ್ನ ಮಾಡೆಲಿನಲ್ಲಿ ಒಮ್ಮೆ ನೆನೆದ ನೆಲ ಮತ್ತೆ ಒಣಗಲೇ ಇಲ್ಲ, ಅದು ನನ್ನ ಗಮನಕ್ಕೂ ಬಂದಿರಲಿಲ್ಲ.

ಅಮೆರಿಕದ ಸೈನ್ಯದ ಎಂಜಿನಿಯರುಗಳ ದಳಕ್ಕೆ ಸೇರಿದ, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ಹೈಡ್ರಾಲಜಿಕ್ ಎಂಜಿನಿಯರಿಂಗ್ ಸೆಂಟರ್ ಇದನ್ನು ರೂಪಿಸಿದೆ. 1960ರ ದಶಕದ ಹೆಕ್-1 ಎಂಬ ಪ್ರೋಗ್ರಾಮಿನ ಉತ್ತರಾಧಿಕಾರಿಯಾಗಿ 1998ರಲ್ಲಿ ಇದರ ಮೊದಲ ಆವೃತ್ತಿ ಬಂತು. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಒಬ್ಬನೇ ಕುಳಿತು, ಹಳೆಯ ಲ್ಯಾಪ್‌ಟಾಪಿನಲ್ಲಿ, ವರ್ಷವರ್ಷವೂ ಪರವಾನಗಿ ಶುಲ್ಕ ಕಟ್ಟುವ ಶಕ್ತಿಯಿಲ್ಲದೆ ಈ ಕೆಲಸ ಮಾಡುವ ನನ್ನಂಥವನಿಗೆ ಅದೊಂದೇ ಕಾರಣ ಸಾಕಾಗಿತ್ತು. ಆಯ್ಕೆಯ ಹಿಂದೆ ಬೇರೆ ದೊಡ್ಡ ವಿಚಾರವೇನೂ ಇರಲಿಲ್ಲ.

ಮಳೆಗಾಲದಲ್ಲಿ ನನ್ನ ಬೆಳಗು ಒಂದೇ ಕ್ರಮದಲ್ಲಿ ಆರಂಭವಾಗುತ್ತದೆ. ಮೊದಲು ನಾಲ್ಕೂ ಮಾಪಕಗಳ ಮಳೆಯನ್ನು ಒಂದರ ಕೆಳಗೊಂದು ಬರೆದು ಕಣ್ಣಾಡಿಸುತ್ತೇನೆ. ಅಕ್ಕಪಕ್ಕದ ಮೂರರಲ್ಲಿ ಧಾರಾಕಾರವಾಗಿ ಸುರಿದಿದ್ದು ನಾಲ್ಕನೆಯದು ಸೊನ್ನೆ ತೋರಿಸಿದರೆ ಮಳೆ ಬಂದಿಲ್ಲವೆಂದಲ್ಲ, ಮಾಪಕದ ಬಾಯಿಗೆ ಎಲೆಯೋ ಕಸವೋ ಸಿಕ್ಕಿಕೊಂಡಿದೆ ಎಂದು ಅರ್ಥ. ಆಮೇಲೆ ಮಾಡೆಲನ್ನು ತೆರೆಯುವುದಕ್ಕೂ ಮುಂಚೆ ಕೈಯಲ್ಲೇ ಒಂದು ಗುಣಾಕಾರ ಮಾಡುತ್ತೇನೆ. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ 1000 ಘನ ಮೀಟರ್ ನೀರು. ಹಾಗಾಗಿ ನನ್ನ ಪ್ರದೇಶದ ಮೇಲೆ 50 ಮಿಲಿಮೀಟರ್ ಬಿದ್ದರೆ 1 ಕೋಟಿ 6 ಲಕ್ಷ ಘನ ಮೀಟರ್. ಈ ಸಂಖ್ಯೆಯನ್ನು ನೋಟ್‌ಬುಕ್ಕಿನ ಎಡಬದಿಗೆ ಬರೆದಿಟ್ಟುಕೊಂಡ ಮೇಲೆಯೇ ಲೆಕ್ಕ ಓಡಿಸುವುದು. ಓಡಿಸಿದ ಮೇಲೆ ಬಲಬದಿಗೆ ಒಂದು ಸಾಲು: ಯಾವ ಓಟ, ಏನನ್ನು ಬದಲಿಸಿದ್ದು, ಗರಿಷ್ಠ ಹರಿವು ಎಷ್ಟು, ಅದು ಎಷ್ಟು ಗಂಟೆಗೆ, ಒಟ್ಟು ನೀರು ಎಷ್ಟು. ಒಂದು ಓಟದಲ್ಲಿ ಒಂದೇ ಪ್ಯಾರಾಮೀಟರನ್ನು, ಅಂದರೆ ಲೆಕ್ಕಕ್ಕೆ ನಾವು ಕೊಡುವ ಅಂಕಿಯನ್ನು, ಬದಲಿಸಬೇಕು, ಬದಲಿಸುವ ಮುಂಚೆ ಜಲಾನಯನದ ವಿವರಗಳಿರುವ ಬೇಸಿನ್ ಮಾಡೆಲಿನ ಒಂದು ಪ್ರತಿ ಮಾಡಿ ಅದಕ್ಕೆ ಆ ದಿನದ ತಾರೀಖನ್ನೇ ಹೆಸರಾಗಿ ಇಡಬೇಕು ಎಂಬ ಎರಡು ನಿಯಮಗಳನ್ನು ನಾನು ಇಂದಿಗೂ ಮುರಿದಿಲ್ಲ. ಆ ನೋಟ್‌ಬುಕ್ಕುಗಳು ಈಗ ಆರಾಗಿವೆ.

ಲೆಕ್ಕ ಮುಗಿದ ಮೇಲೆ ತೆರೆಯುವ ಉಪಜಲಾನಯನದ ಗ್ರಾಫನ್ನು ನೋಡುವುದು ನನಗೆ ಈಗಲೂ ಸಂತೋಷದ ಕೆಲಸ. ಕೆಳಗಿನ ಭಾಗದಲ್ಲಿ ಹೊಳೆಯ ಹರಿವು ನೀಲಿ ಗೆರೆಯಾಗಿ ಏರಿ ಇಳಿಯುತ್ತದೆ. ಮೇಲಿನ ಭಾಗದಲ್ಲಿ ಮಳೆಯ ಕಂಬಗಳು ಸೂರಿನಿಂದ ಇಳಿಬಿದ್ದಂತೆ ತಲೆಕೆಳಗಾಗಿ ನಿಂತಿರುತ್ತವೆ. ಪ್ರತಿ ಕಂಬದಲ್ಲೂ ಎರಡು ಬಣ್ಣ. ಕೆಂಪು ಭಾಗ ನೆಲಕ್ಕೆ ಇಂಗಿಹೋದದ್ದು, ತಂತ್ರಾಂಶದ ಭಾಷೆಯಲ್ಲಿ ನಷ್ಟ. ನೀಲಿ ಭಾಗ ಮೇಲ್ಹರಿವಾಗಿ ಹೊಳೆಯ ಕಡೆಗೆ ಹೊರಟದ್ದು. ಮಳೆ ಶುರುವಾದಾಗ ಕಂಬವೆಲ್ಲ ಕೆಂಪಾಗಿದ್ದು, ಸುರಿಯುತ್ತಾ ಹೋದಂತೆ ನೀಲಿ ಇಣುಕಿ ಹಿಗ್ಗುವುದನ್ನು ನೋಡಿದರೆ, ನೆಲ ಹೊಟ್ಟೆ ತುಂಬುವವರೆಗೂ ಕುಡಿದು ಆಮೇಲೆ ಉಳಿದುದನ್ನು ಬಿಟ್ಟುಕೊಡುವುದು ಕಣ್ಣಿಗೇ ಕಾಣುತ್ತದೆ. ಮುಂದೆ ನನ್ನ ತಪ್ಪನ್ನು ಹಿಡಿದುಕೊಟ್ಟದ್ದೂ ಈ ಕೆಂಪು ಬಣ್ಣವೇ.

ಮಾಡೆಲನ್ನು ನಾನು ಮೊದಲಿನಿಂದ ಕಟ್ಟಿರಲಿಲ್ಲ. ಬೇರೊಂದು ಕಚೇರಿಯವರು ಕಟ್ಟಿದ್ದನ್ನು ವರದಿಯ ಸಮೇತ ನನಗೆ ಒಪ್ಪಿಸಿದ್ದರು. ನಷ್ಟದ ಲೆಕ್ಕಕ್ಕೆ ಎಸ್‌ಸಿಎಸ್ ಕರ್ವ್ ನಂಬರ್ ವಿಧಾನ (ಮಣ್ಣು, ನೆಲದ ಬಳಕೆ ಎರಡನ್ನೂ ಒಂದೇ ಅಂಕಿಯಲ್ಲಿ ಹೇಳುವಂಥದ್ದು, ಅಂಕಿ ಹೆಚ್ಚಿದಷ್ಟೂ ಹರಿವು ಹೆಚ್ಚು), ಹರಿವಿನ ಆಕಾರಕ್ಕೆ ಕ್ಲಾರ್ಕ್ ಯೂನಿಟ್ ಹೈಡ್ರೋಗ್ರಾಫ್, ಹೊಳೆಯ ಉದ್ದಕ್ಕೂ ನೀರನ್ನು ಸಾಗಿಸುವುದಕ್ಕೆ ಮಸ್ಕಿಂಗಮ್. ಅದನ್ನು ಅವರು ಇಡೀ ಮಳೆಗಾಲಕ್ಕೆ, ಮೊದಲ ಮಳೆಯಿಂದ ಕೊನೆಯ ಮಳೆಯವರೆಗೆ, ಒಂದೇ ಓಟದಲ್ಲಿ ಓಡುವಂತೆ ಹೊಂದಿಸಿದ್ದರು. ವರದಿ ಅಚ್ಚುಕಟ್ಟಾಗಿತ್ತು. ನಾನು ಪ್ರಶ್ನಿಸಲಿಲ್ಲ.

ಮೊದಲ ಮಳೆಗಾಲದಲ್ಲೇ ಒಂದು ವಿಚಿತ್ರ ಕಾಣಿಸಿತು. ಮೊದಲ ಪ್ರವಾಹವನ್ನು ಮಾಡೆಲ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಎರಡನೆಯದಕ್ಕೆ ಲೆಕ್ಕ ಅಳತೆಗಿಂತ ಮೇಲೆ ಹೋಗುತ್ತಿತ್ತು. ಮೂರನೆಯದು ಬರುವ ಹೊತ್ತಿಗೆ ಅಳತೆಯ ಹೆಚ್ಚುಕಡಿಮೆ ಎರಡರಷ್ಟಾಗುತ್ತಿತ್ತು. ಅನುಮಾನ ಮೊದಲು ಹೋದದ್ದು ಮಳೆಯ ದಾಖಲೆಯ ಮೇಲೆ. ನಾಲ್ಕು ಮಾಪಕಗಳಲ್ಲಿ ಮೂರು ಸ್ವಯಂಚಾಲಿತ. ಒಂದನ್ನು ಮಾತ್ರ ದಿನಕ್ಕೊಮ್ಮೆ ಬೆಳಿಗ್ಗೆ ಓದಲಾಗುತ್ತದೆ. ಹತ್ತನೆಯ ತಾರೀಖಿನ ಬೆಳಿಗ್ಗೆ ಓದಿದ ಮಳೆ ಹಿಂದಿನ 24 ಗಂಟೆಗಳದ್ದು, ಅಂದರೆ ಬಹುಪಾಲು ಒಂಬತ್ತನೆಯ ತಾರೀಖಿನದು. ನಾನು ಅದನ್ನು ಹತ್ತನೆಯ ತಾರೀಖಿನ ಮಳೆಯೆಂದೇ ತುಂಬಿಸಿದ್ದೆ. ಹೊಳೆ ಏರಿ ಇಳಿದ ಮೇಲೆ ಮಾಡೆಲಿನಲ್ಲಿ ಮಳೆ ಸುರಿಯುತ್ತಿತ್ತು! ಅಳತೆಯ ಅವಧಿ ಮುಗಿಯುವ ಹೊತ್ತಿಗೆ ಆ ಅವಧಿಯ ಮಳೆಯನ್ನು ದಾಖಲಿಸುವುದು ಇಲ್ಲಿನ ಪದ್ಧತಿ ಎಂಬುದನ್ನು ಅರ್ಥ ಮಾಡಿಕೊಂಡು ಸರಿಪಡಿಸಿದೆ. ಸಮಯ ಸರಿಯಾಯಿತು, ಪ್ರಮಾಣ ಮಾತ್ರ ಹಾಗೆಯೇ ಉಳಿಯಿತು. ಆಮೇಲೆ ನೀರಿನ ಮಟ್ಟದಿಂದ ಹರಿವನ್ನು ಕಂಡುಕೊಳ್ಳುವ, ಅಳತೆ ಕೇಂದ್ರದ ಮಟ್ಟ-ಹರಿವಿನ ಕೋಷ್ಟಕವನ್ನು ಅನುಮಾನಿಸಿದೆ. ಅಲ್ಲಿಯೂ ಏನೂ ಸಿಗಲಿಲ್ಲ.

ಎರಡನೆಯ ಮಳೆಗಾಲದಲ್ಲಿ ನಾನು ಸುಲಭದ ದಾರಿ ಹಿಡಿದೆ. ಪ್ಯಾರಾಮೀಟರುಗಳನ್ನು ತಾನೇ ಹುಡುಕಿಕೊಡುವ ಆಪ್ಟಿಮೈಸೇಷನ್ ಸೌಲಭ್ಯ ಇದರಲ್ಲಿದೆ. ಯಾವ ಗುರಿ, ಯಾವ ಪ್ಯಾರಾಮೀಟರು, ಯಾವ ಮಿತಿಯೊಳಗೆ ಎಂದು ಹೇಳಿಬಿಟ್ಟರೆ ಅದು ನೂರಾರು ಸಲ ಓಡಿಸಿ ಅಳತೆಗೆ ತೀರ ಹತ್ತಿರವಾದುದನ್ನು ಮುಂದಿಡುತ್ತದೆ. ಗುರಿಯಾಗಿ ನಾನು ಕೊಟ್ಟದ್ದು 1970ರಲ್ಲಿ ನ್ಯಾಶ್ ಮತ್ತು ಸಟ್‌ಕ್ಲಿಫ್ ಮುಂದಿಟ್ಟ ಅಳತೆಗೋಲು: ಲೆಕ್ಕ ಅಳತೆಯೊಂದಿಗೆ ಪೂರ್ತಿ ಕೂಡಿದರೆ 1, ಅಳತೆಯ ಸರಾಸರಿಯನ್ನೇ ಉತ್ತರವೆಂದು ಹೇಳುವುದಕ್ಕಿಂತ ಉತ್ತಮವಾಗಿಲ್ಲದಿದ್ದರೆ 0. ಕರ್ವ್ ನಂಬರನ್ನು ಅದು 75 ರಿಂದ 62 ಕ್ಕೆ ಇಳಿಸಿತು, ಅಂಕ ಒಳ್ಳೆಯದಾಯಿತು. ವರದಿ ಬರೆದು ಕಳಿಸಿದೆ. ನನಗೆ ಇಂದಿಗೂ ಬೇಸರ ತರುವ ವರದಿ ಅದು. ಏಕೆಂದರೆ ಆ ಅಳತೆಗೋಲಿನಲ್ಲಿ ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡುತ್ತಾರೆ, ಆದ್ದರಿಂದ ದೊಡ್ಡ ಹರಿವಿನ ತಪ್ಪಿಗೆ ಬಲು ಹೆಚ್ಚಿನ ತೂಕ. ಮೂರನೆಯ ಪ್ರವಾಹವನ್ನು ತಗ್ಗಿಸುವ ಭರದಲ್ಲಿ ಮೊದಲ ಪ್ರವಾಹ ಹೆಚ್ಚುಕಡಿಮೆ ಮಾಯವೇ ಆಗಿಹೋಗಿತ್ತು. ಹೊಳೆಯ ಕೆಳದಂಡೆಯಲ್ಲಿರುವವರಿಗೆ ವರ್ಷದ ಮೊದಲ ಪ್ರವಾಹವೇ ಅನಿರೀಕ್ಷಿತವಾಗಿ ಬರುವಂಥದ್ದು. ಅದನ್ನೇ ಇಲ್ಲವೆನ್ನುವ ಮಾಡೆಲನ್ನು ನಾನು ಒಳ್ಳೆಯ ಅಂಕದ ಹೆಸರಿನಲ್ಲಿ ಒಪ್ಪಿಕೊಂಡಿದ್ದೆ.

ಮೂರನೆಯ ಮಳೆಗಾಲದ ನಡುವೆ ಒಂದು ಸಂಜೆ ಯಾವ ಉದ್ದೇಶವೂ ಇಲ್ಲದೆ ಹಳೆಯ ಗ್ರಾಫುಗಳನ್ನು ಒಂದಾದ ಮೇಲೊಂದು ತೆರೆದು ನೋಡುತ್ತಿದ್ದಾಗ ಕೆಂಪು ಬಣ್ಣ ಕಣ್ಣಿಗೆ ಬಿತ್ತು. ಋತುವಿನ ಎಡಗಡೆಯ ಮಳೆಕಂಬಗಳಲ್ಲಿ ಕೆಂಪು ಧಾರಾಳವಾಗಿತ್ತು. ಬಲಕ್ಕೆ ಹೋದಂತೆ ಸವೆಯುತ್ತಾ ಸವೆಯುತ್ತಾ ಕೊನೆಯ ಮಳೆಗಳಲ್ಲಿ ತೆಳುವಾದ ಅಂಚಾಗಿ ಮಾತ್ರ ಉಳಿದಿತ್ತು. ನಡುವೆ ಎರಡು ವಾರ ಒಂದು ಹನಿಯೂ ಬೀಳದೆ ಬಿಸಿಲು ಕಾದ ಅವಧಿಯಿತ್ತು. ಅದರ ನಂತರದ ಮಳೆಯಲ್ಲೂ ಕೆಂಪು ಹೆಚ್ಚಿರಲಿಲ್ಲ.

ಆಗ ಒಂದು ಪ್ರಯೋಗ ಮಾಡಿದೆ. ಹೊಸ ಪ್ರಾಜೆಕ್ಟಿನಲ್ಲಿ ಒಂದೇ ಉಪಜಲಾನಯನ, ಕರ್ವ್ ನಂಬರ್ 75, ಕೈಯಾರೆ ತುಂಬಿದ ಮೂರು ಮಳೆಗಳು. ಮೂರೂ ಒಂದೇ ತರಹ: ಗಂಟೆಗೆ 10 ಮಿಲಿಮೀಟರಿನಂತೆ ಐದು ಗಂಟೆ, ಒಟ್ಟು 50 ಮಿಲಿಮೀಟರ್. ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ಹನ್ನೆರಡು ದಿನಗಳ ಬಿಡುವು. ಮೊದಲ ಮಳೆಯಿಂದ ಬಂದ ಮೇಲ್ಹರಿವು 9.3 ಮಿಲಿಮೀಟರ್. ಎರಡನೆಯದರಿಂದ 31.8. ಮೂರನೆಯದರಿಂದ 40.2. ಬಿಡುವನ್ನು ಹನ್ನೆರಡು ದಿನದಿಂದ ಮೂರು ದಿನಕ್ಕೆ ಇಳಿಸಿ ಮತ್ತೆ ಓಡಿಸಿದೆ. ಅದೇ 9.3, ಅದೇ 31.8, ಅದೇ 40.2.

ಸೂತ್ರವನ್ನು ಕಾಗದದ ಮೇಲೆ ಬಿಡಿಸಿದಾಗ ಎಲ್ಲವೂ ಸ್ಪಷ್ಟವಾಯಿತು. 25400 ನ್ನು ಕರ್ವ್ ನಂಬರಿನಿಂದ ಭಾಗಿಸಿ 254 ಕಳೆದರೆ ನೆಲ ಗರಿಷ್ಠ ಎಷ್ಟು ಮಿಲಿಮೀಟರ್ ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಸಿಗುತ್ತದೆ. 75 ಕ್ಕೆ ಅದು 84.7. ಅದರ ಐದನೆಯ ಒಂದು ಭಾಗ, ಸುಮಾರು 17 ಮಿಲಿಮೀಟರ್, ಹರಿವು ಶುರುವಾಗುವ ಮೊದಲೇ ನೆಲಕ್ಕೂ ಎಲೆಗಳಿಗೂ ತಗ್ಗುಗಳಿಗೂ ಸಲ್ಲುತ್ತದೆ. ಮುಂದಿನದೆಲ್ಲ ಓಟದ ಆರಂಭದಿಂದ ಬಿದ್ದ ಒಟ್ಟು ಮಳೆಯನ್ನು ಆಧರಿಸಿದ ಲೆಕ್ಕ. 50 ಮಿಲಿಮೀಟರಿಗೆ 9.3, ಒಟ್ಟು 100 ಆದಾಗ 41.1, 150 ಆದಾಗ 81.3. ಒಂದೊಂದು ಮಳೆಯ ಪಾಲು ಈ ಮೊತ್ತಗಳ ವ್ಯತ್ಯಾಸ ಅಷ್ಟೇ. ಮಳೆಯನ್ನು ಕೂಡಿಸುತ್ತಾ ಹೋಗುವ ಈ ಸೂತ್ರದಲ್ಲಿ ಬಿಸಿಲಿಗೆ ಜಾಗವಿಲ್ಲ, ಗಿಡಮರಗಳು ಬೇರಿನಿಂದ ಹೀರಿ ಎಲೆಯಿಂದ ಬಿಡುವ ನೀರಿಗೂ ಜಾಗವಿಲ್ಲ. ಕಾಲ ಎಂಬುದೇ ಅದರೊಳಗಿಲ್ಲ. ಆಪ್ಟಿಮೈಸೇಷನ್ ಕೊಟ್ಟಿದ್ದ 62 ನ್ನು ಇದೇ ಪ್ರಯೋಗಕ್ಕೆ ಹಾಕಿ ನೋಡಿದರೆ ಮೂರನೆಯ ಮಳೆಯ ಹರಿವು 40.2 ರಿಂದ 30.3 ಕ್ಕೆ ಇಳಿಯಿತು, ಮೊದಲನೆಯದು 9.3 ರಿಂದ ಬರೀ 2 ಕ್ಕೆ. ಒಂದು ತಪ್ಪನ್ನು ಮುಚ್ಚಲು ಸರಿಯಿದ್ದುದನ್ನು ಕೆಡಿಸುವುದು ಹೇಗೆಂದು ಇದಕ್ಕಿಂತ ಚೊಕ್ಕವಾಗಿ ತೋರಿಸುವುದು ಕಷ್ಟ. ನನ್ನ ಇಡೀ ಪ್ರದೇಶಕ್ಕೆ ಲೆಕ್ಕ ಹಾಕಿದರೆ ಆ 9.3 ಮತ್ತು 31.8 ರ ನಡುವಿನ ಅಂತರ 47 ಲಕ್ಷ ಘನ ಮೀಟರಿಗಿಂತ ಹೆಚ್ಚು. ನೆಲ ಒಣಗಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ ಅಷ್ಟು ನೀರು ನಿಂತಿತ್ತು.

ಆ ವಾರವೆಲ್ಲ ನನಗೆ ಸಿಟ್ಟಿತ್ತು. ಇಡೀ ಋತುವನ್ನು ಓಡಿಸಲು ಹೊರಟಾಗ ತಂತ್ರಾಂಶ ನನ್ನನ್ನು ತಡೆಯಬೇಕಿತ್ತು ಎಂದು ಅನ್ನಿಸಿತು. ಕೈಪಿಡಿಯನ್ನು ಮೊದಲಿನಿಂದ ಓದಲು ಕುಳಿತ ಮೇಲೆ ಆ ಸಿಟ್ಟು ನಿಲ್ಲಲಿಲ್ಲ. ಕರ್ವ್ ನಂಬರ್ ಒಂದೊಂದು ಮಳೆಯ ಘಟನೆಗೆ ಹೇಳಿಮಾಡಿಸಿದ ವಿಧಾನ, ನಿರಂತರ ಲೆಕ್ಕಕ್ಕಲ್ಲ ಎಂಬ ವಿಂಗಡಣೆ ಅಲ್ಲಿ ಸ್ಪಷ್ಟವಾಗಿಯೇ ಇದೆ. ವಿಧಾನದ ಹುಟ್ಟೂ ಅದನ್ನೇ ಹೇಳುತ್ತದೆ: ಅಮೆರಿಕದ ಕೃಷಿ ಇಲಾಖೆಯ ಮಣ್ಣು ಸಂರಕ್ಷಣಾ ಸೇವೆ 1950ರ ದಶಕದಲ್ಲಿ ಚಿಕ್ಕ ಕೃಷಿ ಜಲಾನಯನಗಳಲ್ಲಿ ಒಂದು ಮಳೆಗೆ ಎಷ್ಟು ನೀರು ಹರಿದೀತು ಎಂದು ಅಂದಾಜಿಸಲು ಇದನ್ನು ರೂಪಿಸಿತು. ಹಿಂದಿನ ಐದು ದಿನಗಳ ಮಳೆಯನ್ನು ನೋಡಿ ನೆಲ ಒಣಗಿದೆಯೋ ಸಾಧಾರಣವೋ ನೆನೆದಿದೆಯೋ ಎಂದು ಮೂರು ಸ್ಥಿತಿಗಳಾಗಿ ವಿಂಗಡಿಸಿ, ಅದಕ್ಕೆ ತಕ್ಕಂತೆ ನಂಬರನ್ನು ಬದಲಿಸುವ ಜವಾಬ್ದಾರಿಯನ್ನು ಅವರು ಬಳಸುವವರ ಕೈಗೇ ಕೊಟ್ಟಿದ್ದರು. ಮಾಡೆಲನ್ನು ಒಪ್ಪಿಸಿದ ಕಚೇರಿ ಆ ಜವಾಬ್ದಾರಿಯನ್ನು ಬಿಟ್ಟುಬಿಟ್ಟಿತ್ತು, ಅವರಿಂದ ಪಡೆದ ನಾನೂ ಬಿಟ್ಟಿದ್ದೆ. ಯಾವ ತಂತ್ರಾಂಶದ ಮೇಲೆ ಸಿಟ್ಟಾಗಿದ್ದೆನೋ ಅದರದೇ ಗ್ರಾಫು ಎರಡೂವರೆ ಮಳೆಗಾಲ ಪ್ರತಿದಿನ ಬೆಳಿಗ್ಗೆ ಸತ್ಯವನ್ನು ಕೆಂಪು ಬಣ್ಣದಲ್ಲಿ ಬರೆದು ನನ್ನ ಮುಂದೆ ಇಟ್ಟಿತ್ತು.

ಪರಿಹಾರವೂ ಅದೇ ತಂತ್ರಾಂಶದಲ್ಲಿತ್ತು. ನಷ್ಟದ ವಿಧಾನಗಳ ಪಟ್ಟಿಯಲ್ಲಿ 'ಡೆಫಿಸಿಟ್ ಆ್ಯಂಡ್ ಕಾನ್‌ಸ್ಟಂಟ್' ಎಂಬುದೊಂದಿದೆ. ಇದರಲ್ಲಿ ನೆಲವೆಂದರೆ ಒಂದೇ ಪದರ. ತುಂಬಿ ತುಳುಕಲು ಇನ್ನೆಷ್ಟು ಮಿಲಿಮೀಟರ್ ಬೇಕು ಎಂಬುದೇ ಡೆಫಿಸಿಟ್, ಅಂದರೆ ಕೊರತೆ. ಮಳೆ ಮೊದಲು ಕೊರತೆಯನ್ನು ತುಂಬುತ್ತದೆ. ತುಂಬಿದ ಮೇಲೆ ನೆಲ ಗಂಟೆಗೆ ಇಷ್ಟು ಎಂಬ ಸ್ಥಿರ ವೇಗದಲ್ಲಿ ಇಂಗಿಸಿಕೊಂಡು ಉಳಿದುದನ್ನು ಹರಿಯಬಿಡುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಆವಿಯಾಗಿಯೂ ಗಿಡಗಳ ಮೂಲಕವೂ ನೀರು ಹೋಗಿ ಕೊರತೆ ಮತ್ತೆ ಬೆಳೆಯುತ್ತದೆ. ನನ್ನ ಮೂರು ಮಳೆಗಳನ್ನು ಇದಕ್ಕೆ ಕೊಟ್ಟೆ: ಆರಂಭದ ಕೊರತೆ 35 ಮಿಲಿಮೀಟರ್, ಗರಿಷ್ಠ 60, ಸ್ಥಿರ ವೇಗ ಗಂಟೆಗೆ 3, ದಿನಕ್ಕೆ ಆವಿಯಾಗುವುದು 3. ಮೊದಲ ಮಳೆಯಲ್ಲಿ ಮೂರೂವರೆ ಗಂಟೆ ನೆಲವೇ ಎಲ್ಲವನ್ನೂ ಕುಡಿಯಿತು, ಉಳಿದ ಒಂದೂವರೆ ಗಂಟೆಯಲ್ಲಿ 10.5 ಮಿಲಿಮೀಟರ್ ಹರಿಯಿತು. ಹನ್ನೆರಡು ದಿನಗಳಲ್ಲಿ ಕೊರತೆ ಸುಮಾರು 36 ಕ್ಕೆ ಬೆಳೆದಿದ್ದರಿಂದ ಎರಡನೆಯ ಮತ್ತು ಮೂರನೆಯ ಮಳೆಗಳು ತಲಾ 9.8 ರ ಸುಮಾರಿಗೆ ನಿಂತವು. ಬಿಡುವನ್ನು ಮೂರು ದಿನಕ್ಕೆ ಇಳಿಸಿದಾಗ ಕೊರತೆ ಬರೀ 9 ಮಿಲಿಮೀಟರ್, ಹರಿವು 28.7 ರ ಆಸುಪಾಸು. ಬಿಸಿಲಿಗೂ ಈಗ ಲೆಕ್ಕವಿತ್ತು. ಗ್ರಾಫಿನಲ್ಲಿ ಮೂರೂ ಮಳೆಗಳ ಆರಂಭದ ಕಂಬಗಳು ಮತ್ತೆ ತುಂಬು ಕೆಂಪಾಗಿ ನಿಂತಿದ್ದನ್ನು ಕಂಡಾಗ ಆದ ಸಮಾಧಾನವನ್ನು ನಾನು ಮರೆತಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಮಾಹಿತಿಯಲ್ಲಿದೆ. ಕರ್ವ್ ನಂಬರಿಗೆ ಮಣ್ಣಿನ ಗುಂಪು, ನೆಲದ ಬಳಕೆ ಗೊತ್ತಿದ್ದರೆ ಕೋಷ್ಟಕದಿಂದಲೇ ಒಂದು ಅಂಕಿ ಸಿಗುತ್ತದೆ. ಕೊರತೆಯ ವಿಧಾನದಲ್ಲಿ ಕೆಲಸ ಅಷ್ಟು ಸುಲಭವಲ್ಲ, ನಾನು ಹರಿವಿನ ಅಳತೆಯೊಂದಿಗೆ ಹೊಂದಿಸಿಕೊಂಡೇ ಪ್ಯಾರಾಮೀಟರುಗಳನ್ನು ಕಂಡುಕೊಳ್ಳಬೇಕಾಯಿತು. ದಿನಕ್ಕೆ ಎಷ್ಟು ಆವಿಯಾಗುತ್ತದೆ ಎಂಬುದನ್ನು ಹವಾಮಾನದ ಮಾಡೆಲಿನಲ್ಲಿ ಬೇರೆಯಾಗಿ ಕೊಡಬೇಕು. ನಾನು ತಿಂಗಳ ಸರಾಸರಿಯನ್ನಷ್ಟೇ ಕೊಡುತ್ತಿದ್ದೇನೆ, ಮೋಡ ಮುಸುಕಿದ ವಾರಕ್ಕೂ ಬಿಸಿಲ ವಾರಕ್ಕೂ ಅದರಲ್ಲಿ ವ್ಯತ್ಯಾಸವಿಲ್ಲ. ಅಷ್ಟಾದರೂ ನನ್ನ ಹೊಳೆಯ ಲೆಕ್ಕ ಈ ವಿಧಾನದ ಮೊದಲ ಋತುವಿನಲ್ಲೇ ನೆಟ್ಟಗಾಯಿತು. ಒಂದೇ ಪ್ಯಾರಾಮೀಟರುಗಳ ಗುಂಪು ಮೊದಲ ಪ್ರವಾಹವನ್ನೂ ಕೊನೆಯ ಪ್ರವಾಹವನ್ನೂ ಹಿಡಿಯಿತು. ಅಂಕ ಹಿಂದಿನದಕ್ಕಿಂತ ಸ್ವಲ್ಪ ಮಾತ್ರ ಉತ್ತಮ. ಈಗ ನಾನು ಅಂಕವನ್ನು ಕೊನೆಯಲ್ಲಿ ನೋಡುತ್ತೇನೆ.

ಉಳಿದ ವಿಷಯಗಳು ಚಿಕ್ಕವು. ಲೆಕ್ಕ ಓಡುವಾಗ ಪರದೆಯ ತಳದಲ್ಲಿ ಸಾಲುಸಾಲಾಗಿ ಬರುವ ಸೂಚನೆಗಳನ್ನು ಓದದೆ ಬಿಡಬಾರದು. ಮಸ್ಕಿಂಗಮ್ ವಿಧಾನದಲ್ಲಿ ಹೊಳೆಯ ಒಂದು ತುಂಡಿನಲ್ಲಿ ನೀರಿನ ಪಯಣದ ಅವಧಿಗೂ ಲೆಕ್ಕ ಮುಂದುವರಿಯುವ ಕಾಲದ ಹೆಜ್ಜೆಗೂ ಹೊಂದಾಣಿಕೆ ತಪ್ಪಿದರೆ ಹರಿವಿನ ಗೆರೆ ಏರುವ ಮೊದಲು ಸೊನ್ನೆಗಿಂತ ಕೆಳಗೆ ಜಾರುವ ಅಸಂಬದ್ಧವೂ ಸಂಭವಿಸಬಹುದು. ಉಪಜಲಾನಯನಗಳನ್ನು ಎತ್ತರದ ನಕ್ಷೆಯಿಂದ ಗುರುತಿಸುವ ಕೆಲಸಕ್ಕೆ ಮೊದಲು ನಕ್ಷೆಗಳನ್ನು ನಿಭಾಯಿಸುವ ಬೇರೆ ಜಿಐಎಸ್ ತಂತ್ರಾಂಶ ಬೇಕಿತ್ತು, ನಾಲ್ಕನೆಯ ಸರಣಿಯ ಈಚಿನ ಆವೃತ್ತಿಗಳಲ್ಲಿ ಅದು ಒಳಗೇ ಸೇರಿದೆ. ನನ್ನ ಹಳೆಯ ಯಂತ್ರದಲ್ಲಿ ನಿಧಾನ, ಆದರೆ ಒಮ್ಮೆ ಮಾಡಿದರೆ ಮುಗಿಯುವ ಕೆಲಸ.

ಒಂದು ಸೇತುವೆಗೋ ಚರಂಡಿಗೋ ಒಂದು ವಿನ್ಯಾಸದ ಮಳೆಯನ್ನು ಕೊಟ್ಟು ಗರಿಷ್ಠ ಹರಿವನ್ನು ಕೇಳುವವರು ಕರ್ವ್ ನಂಬರನ್ನು ಬಳಸಲಿ. ನಾನೂ ಆ ಕೆಲಸಕ್ಕೆ ಈಗಲೂ ಅದನ್ನೇ ಬಳಸುತ್ತೇನೆ, ಆದರೆ 75 ರ ಬದಲು 80 ಎಂದುಕೊಂಡರೆ 50 ಮಿಲಿಮೀಟರ್ ಮಳೆಯ ಹರಿವು 9.3 ರಿಂದ 13.8 ಕ್ಕೆ ಏರುತ್ತದೆ ಎಂಬುದನ್ನು ನೆನಪಿಟ್ಟುಕೊಂಡೇ. ಋತುವಿನುದ್ದಕ್ಕೂ ಹೊಳೆಯನ್ನು ಹಿಂಬಾಲಿಸಬೇಕೆನ್ನುವವರು, ಇನ್ನೊಬ್ಬರು ಕಟ್ಟಿದ ಮಾಡೆಲು ಕೈಗೆ ಬಂದವರು, ಮೊದಲ ದಿನವೇ ಮೂರು ಸಮ ಮಳೆಗಳ ಪ್ರಯೋಗವನ್ನು ಮಾಡಿ ನೋಡಲಿ. ಅರ್ಧ ಗಂಟೆ ಸಾಕು.

ಈ ಸಲದ ಮಳೆಗಾಲದಲ್ಲಿ ಮೂರು ಪ್ರವಾಹಗಳ ಪ್ರಮಾಣವೂ ಕೂಡಿಬಂದಿದೆ. ಮೂರನೆಯದರಲ್ಲಿ ಮಾತ್ರ ಲೆಕ್ಕದ ನೀಲಿ ಗೆರೆ ಅಳತೆಯ ಕಪ್ಪು ಗೆರೆಗಿಂತ ಎರಡು ಗಂಟೆ ಮೊದಲೇ ಶಿಖರ ಮುಟ್ಟುತ್ತಿದೆ. ಆ ಹೊತ್ತಿಗೆ ಹೊಳೆಯ ಎರಡೂ ದಂಡೆಗಳಲ್ಲಿ ಗಿಡಗಂಟಿ ಸೊಂಟದೆತ್ತರ ಬೆಳೆದು ನೀರನ್ನು ತಡೆಯುತ್ತಿರುತ್ತದೆ. ಕೆಳಗಿನ ತುಂಡಿನ ಪಯಣದ ಅವಧಿಯನ್ನು ಋತುವಿನ ಕೊನೆಯ ಭಾಗಕ್ಕೆ ಬೇರೆಯಾಗಿ ಕೊಟ್ಟು ನೋಡುತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ಆ ಓಟಕ್ಕೆ ನಿನ್ನೆಯ ತಾರೀಖಿನ ಹೆಸರಿದೆ.